ಬ್ಯಾರನ್ನಿನ ಬಾಡು ಮತ್ತು ನಮ್ಮ ದನದ ಡಾಕ್ಟರು

ಅವರ ಅಂಗಿಯ ಬಲತೋಳು ಸದಾ ಭುಜದವರೆಗೆ ಸುತ್ತಿಕೊಂಡಿರುತ್ತಿತ್ತು. ಎಡತೋಳು ಮಾತ್ರ ಮಣಿಕಟ್ಟಿನ ತನಕ ಇಳಿದು, ಗುಂಡಿ ಹಾಕಿಸಿಕೊಂಡು, ಇಸ್ತ್ರಿಯ ಗೆರೆಯೊಂದಿಗೆ ನೆಟ್ಟಗಿರುತ್ತಿತ್ತು. ಬಲಗೈ ಹಸುವಿನ ಹೊಟ್ಟೆಯೊಳಗೆ ಹೋಗಿ ಕರುವಿನ ಕಾಲು ತಡಕುವ ಕೈ. ಎಡಚರಾದ್ದರಿಂದ ಎಡಗೈ ಬರೆಯುವ ಕೈ. ಮದುವೆ ಮನೆಗೆ ಬಂದರೂ ಈ ಅರ್ಧಂಬರ್ಧ ವೇಷ ಬದಲಾಗುತ್ತಿರಲಿಲ್ಲ. ಪಂಕ್ತಿಯಲ್ಲಿ ಪಕ್ಕ ಕೂತವರಿಗೆ ಅನ್ನ ಸಾರಿನ ಘಮದ ನಡುವೆ ಕೆಂಪು ಸೋಪಿನ ವಾಸನೆಯೂ ಬಡಿಯುತ್ತಿತ್ತು.

"ಡಾಕ್ಟ್ರೇ, ಒಂದೋ ಇನ್ನೊಂದು ತೋಳ್ನೂ ಮಡಿಚ್ಬುಡಿ, ಇಲ್ದಿದ್ರೆ ಎರಡ್ನೂ ಇಳಿಸ್ಬುಡಿ. ನೋಡಾಕಾಗಲ್ಲ" ಎಂದು ನಮ್ಮಜ್ಜಿ ರೇಗಿಸುತ್ತಿದ್ದಳು.

"ಯಾವಾಗ ಯಾರ ಮನೆ ಹಸು ಕರೆಯುತ್ತೋ ಅಜ್ಜಿ, ತಯಾರಾಗಿರಬೇಕು" ಎನ್ನುತ್ತಿದ್ದರು ಅವರು.

ಅವರು ನಮ್ಮ ಕಡೆಯ ಪಶು ಆಸ್ಪತ್ರೆಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಹುಣಸೂರಿನಿಂದ ಎಚ್.ಡಿ. ಕೋಟೆಯ ದಿಕ್ಕಿಗೆ, ನಾಗರಹೊಳೆ ಕಾಡಿನ ಅಂಚಿಗೆ ಅಂಟಿಕೊಂಡ ಊರು ನಮ್ಮದು. ಅವರದು ಕೆ.ಆರ್. ನಗರದ ಕಡೆ ಭೇರ್ಯದ ಹತ್ತಿರ, ನಾಲೆ ನೀರಿನ ಗದ್ದೆ ಇದ್ದ ರೈತರ ಮನೆ. ಶುದ್ಧ ಸಸ್ಯಾಹಾರಿ. ಮೊಟ್ಟೆಯನ್ನೂ ಮುಟ್ಟದವರು. ಅವರಿಗಿಂತ ಮುಂಚೆ ಇದ್ದ ಡಾಕ್ಟರಿಗೆ ನಮ್ಮೂರಿನ ಪ್ರತಿ ಬಾಡೂಟಕ್ಕೂ ಎಲೆ ಹಾಕುತ್ತಿದ್ದೆವು. ಇವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟರೆ ಮುಗಿಯಿತು. ಊರಿನವರಿಗೆ ಮೊದಮೊದಲು ಇದು ಅಷ್ಟು ಸರಿಬರಲಿಲ್ಲ. ಜೊತೆಯಲ್ಲಿ ಉಣ್ಣದ ಮನುಷ್ಯನನ್ನು ನಮ್ಮವನು ಅನ್ನುವುದು ಹೇಗೆ?

ಅವರಿಗೆ ಇನ್ನೊಂದು ಅಭ್ಯಾಸವಿತ್ತು, ಅದು ಜನರ ತಾಳ್ಮೆಯನ್ನೇ ಕೆಡಿಸುತ್ತಿತ್ತು. ಏನು ಕೇಳಿದರೂ ಕೂಡಲೇ ಉತ್ತರ ಕೊಡುತ್ತಿರಲಿಲ್ಲ. "ಹಸು ಗಬ್ಬ ಆಗ್ಯದಾ ಡಾಕ್ಟ್ರೇ?" ಎಂದರೆ, ಹೊರಗಿನಿಂದ ನೋಡಿ ತಲೆಯಾಡಿಸುವ ಜಾತಿಯೇ ಅಲ್ಲ. "ತಡೀರಿ" ಎಂದು ಕೈ ತೊಳೆದು, ಪರೀಕ್ಷೆ ಮಾಡಿ, ಮತ್ತೆ ಕೈ ತೊಳೆದು, ಆಮೇಲೆ ಬಾಯಿ ಬಿಡುವುದು. ಕೆಲವು ಸಲ ಅಷ್ಟೆಲ್ಲ ಮಾಡಿಯೂ "ಇನ್ನೂ ಗೊತ್ತಾಗ್ತಿಲ್ಲ, ಬರೋ ತಿಂಗಳು ನೋಡೋಣ" ಎಂದು ಹೊರಟುಬಿಡುತ್ತಿದ್ದರು. ಓದಿದ ಡಾಕ್ಟರೊಬ್ಬರು ಇಷ್ಟು ಸಲೀಸಾಗಿ ಗೊತ್ತಿಲ್ಲ ಅನ್ನುವುದನ್ನು ನಮ್ಮೂರು ಕಂಡಿರಲಿಲ್ಲ. "ಇವ್ರಿಗೆ ಏನೂ ಗೊತ್ತಿಲ್ಲ ಕಣ್ಲಾ" ಎಂದೇ ಊರು ಬಹಳ ದಿನ ಆಡಿಕೊಂಡಿತು.

ಕಾಡಿನ ಪ್ರಾಣಿಗಳೆಂದರೆ ಮಾತ್ರ ಅವರ ಈ ನಿಧಾನವೆಲ್ಲ ಎಲ್ಲಿ ಹೋಗುತ್ತಿತ್ತೋ. ಬೇಲಿಯ ಉರುಳಿಗೆ ಚುಕ್ಕೆ ಜಿಂಕೆಯೋ ಕಾಡುಹಂದಿಯೋ ಸಿಕ್ಕಿಬಿದ್ದಿದೆ ಎಂದು ಅರಣ್ಯ ಇಲಾಖೆಯವರು ಹೇಳಿ ಕಳಿಸಿದರೆ ಊಟದ ತಟ್ಟೆ ಬಿಟ್ಟು ಎದ್ದು ಸ್ಕೂಟರ್ ಹತ್ತುತ್ತಿದ್ದರು. ಒಮ್ಮೆ ನಮ್ಮ ಹೊಲದ ಪಕ್ಕದಲ್ಲೇ ಒಂದು ಹೆಣ್ಣು ಜಿಂಕೆಯ ಕಾಲಿಗೆ ಬ್ರೇಕ್ ವೈರಿನ ಉರುಳು ಮೂಳೆ ಮುಟ್ಟುವಷ್ಟು ಇಳಿದಿತ್ತು. ಅದನ್ನು ಬಿಡಿಸುತ್ತ ಅವರು ಬೈದ ಬೈಗುಳ ನಾನು ಇಲ್ಲಿ ಬರೆಯುವಂಥದ್ದಲ್ಲ. ಜಿಂಕೆ ಬದುಕಲಿಲ್ಲ. ಅವರು ನಮ್ಮ ಬಾವಿಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಕೈ ತೊಳೆದರು. ಆಗ ನಾನು ಕೊಟ್ಟ ಮಜ್ಜಿಗೆಯನ್ನೂ ಕುಡಿಯಲಿಲ್ಲ. ಕಳ್ಳಬೇಟೆಗಾರರೆಂದರೆ ಅವರಿಗೆ ಎಂಥ ಸಿಟ್ಟು ಎಂದು ನಾನು ಅವತ್ತು ಕಣ್ಣಾರೆ ಕಂಡೆ. ಮುಂದಿನದು ಅರ್ಥವಾಗಬೇಕಾದರೆ ಈ ಸಿಟ್ಟು ನೆನಪಿರಬೇಕು.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನಾನು ಹುಣಸೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಕಡೆ ಹೊಗೆಸೊಪ್ಪು ಬೆಳೆಯುವವರ ಹೊಲಕ್ಕೊಂದು ಬ್ಯಾರನ್ ಇರುತ್ತದೆ. ಕಿಟಕಿಯಿಲ್ಲದ ಎತ್ತರದ ಗೋಡೆಯ ಮನೆ. ಒಳಗೆ ಅಡ್ಡಕ್ಕೆ ಗಳುಗಳು, ಗಳುಗಳಿಗೆ ನೇತುಬಿಟ್ಟ ಹಸಿ ಸೊಪ್ಪು, ಕೆಳಗೆ ಹೊರಗಿನಿಂದ ಸೌದೆ ಉರಿಸಿ ಬಿಸಿಯೇರಿಸುವ ತಗಡಿನ ಕೊಳವೆ. ಆ ವರ್ಷ ಪಿತೃಪಕ್ಷದ ಹಬ್ಬಕ್ಕೆ ಅಪ್ಪ ಮನೆಯ ಮಂದೆಯದೇ ಒಂದು ಟಗರು ಕುಯ್ಯಿಸಿದ. ಹಿರಿಯರಿಗೆ ಎಡೆ ಇಟ್ಟು, ನೆಂಟರೆಲ್ಲ ಉಂಡು, ಉಳಿದ ಬಾಡನ್ನು ಅಜ್ಜಿ ಉಪ್ಪು ಅರಿಸಿನ ಸವರಿ ಉಪ್ಕಂಡಕ್ಕೆ ಕೊಯ್ದಳು. ಉಪ್ಕಂಡ ಅಂದರೆ ಬಿಸಿಲಿಗೆ ಒಣಗಿಸಿ ಮಳೆಗಾಲದ ಸಾರಿಗೆ ಎತ್ತಿಟ್ಟುಕೊಳ್ಳುವ ಬಾಡು. ಆದರೆ ಬಿಸಿಲೆಲ್ಲಿ? ಜಡಿಮಳೆ ಹಿಡಿದುಕೊಂಡು ಕೂತಿತ್ತು. ಅಜ್ಜಿಗೆ ಒಂದು ಉಪಾಯ ಹೊಳೆಯಿತು. ಬಾಡಿನ ಸರಗಳನ್ನು ಹೊತ್ತುಕೊಂಡು ಹೋಗಿ, ಉರಿಯುತ್ತಿದ್ದ ಬ್ಯಾರನ್ನಿನೊಳಗೆ ಸೊಪ್ಪಿನ ಪಕ್ಕದಲ್ಲೇ ನೇತುಹಾಕಿಬಿಟ್ಟಳು.

"ಸೊಪ್ಪು ಬೇಯೋ ಕಡೆ ಬಾಡು ಒಣಗಲ್ವಾ? ಸೌದೆಯೂ ಉಳೀತು" ಎಂದು ತನ್ನ ಬುದ್ಧಿಗೆ ತಾನೇ ಮೆಚ್ಚಿಕೊಂಡಳು.

ಬ್ಯಾರನ್ನಿಗೆ ಕಾಡಿನ ಮರ ಉರಿಸುತ್ತಾರೇನೋ ಎಂದು ಅರಣ್ಯ ಇಲಾಖೆಯವರು ಆಗಾಗ ಸೌದೆ ನೋಡಲು ಬರುವುದು ವಾಡಿಕೆ. ಅವತ್ತೂ ಬಂದರು. ಸೌದೆಯೆಲ್ಲ ನಮ್ಮ ಬೇಲಿಯ ಸಿಲ್ವರ್ ಮರದ್ದೇ. ಸರಿ ಎಂದು ಹೊರಡುವಾಗ ಒಬ್ಬ ಗಾರ್ಡು ಬಾಗಿಲು ತೆಗೆದು ಒಳಗೆ ಇಣುಕಿದ. ಕಂದು ಬಣ್ಣಕ್ಕೆ ತಿರುಗಿದ ಸೊಪ್ಪಿನ ಮಧ್ಯೆ ಸೊಪ್ಪಿಗಿಂತ ಕಪ್ಪಗೆ, ಹೊಗೆಸೊಪ್ಪಿನ ಘಾಟು ಹೀರಿಕೊಂಡು, ಕುರಿಯೋ ಮೇಕೆಯೋ ಎಂದು ಹೆತ್ತ ತಾಯಿಗೂ ಗುರುತು ಸಿಗದ ಹಾಗಾಗಿದ್ದ ಬಾಡಿನ ಸರಗಳು ಕಂಡವು. ಮನೆ ಕಾಡಂಚಿನಲ್ಲಿ, ಬಾಡು ಅಡುಗೆಮನೆ ಬಿಟ್ಟು ಬ್ಯಾರನ್ನಿನಲ್ಲಿ. ಬಚ್ಚಿಡುವುದಕ್ಕಲ್ಲದೆ ಅಲ್ಲೇಕೆ ಇಡುತ್ತಾರೆ ಎಂದು ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಜ್ಜಿ ಎದೆ ಬಡಿದುಕೊಂಡು ಹೇಳಿದ ಟಗರಿನ ಕಥೆ ಯಾರಿಗೂ ಹಿಡಿಸಲಿಲ್ಲ. ಟಗರಿನ ಚರ್ಮ, ತಲೆ ಕಾಲು ಎಲ್ಲ ಆಗಲೇ ಎಲ್ಲೆಲ್ಲಿಗೋ ಹೋಗಿದ್ದವು. ಜಿಂಕೆ ಮಾಂಸ ಎಂದು ಅಪ್ಪನನ್ನು ಜೀಪು ಹತ್ತಿಸಿಕೊಂಡು ಹೋದರು.

ಆ ಕಾಲಕ್ಕೆ ಇಂಥ ಕೇಸಿನಲ್ಲಿ ಇದ್ದ ಕ್ರಮ ಸರಳ. ಮಾಂಸವನ್ನು ದನದ ಡಾಕ್ಟರ ಮುಂದೆ ಇಡುವುದು, ಅವರು ನೋಡಿ ಇಂಥ ಪ್ರಾಣಿಯದು ಎಂದು ಬರೆದು ಸಹಿ ಹಾಕುವುದು. ಆ ಒಂದು ಸಹಿ ಬಿದ್ದರೆ ಅಪ್ಪ ಜೈಲಿಗೆ. ನಾನೂ ಅಜ್ಜಿಯೂ ಆಸ್ಪತ್ರೆಯ ಜಗಲಿಯ ಕೆಳಗೆ ಮಳೆಯಲ್ಲಿ ನಿಂತಿದ್ದೆವು. ಡಾಕ್ಟರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಜಿಂಕೆಯ ಕಾಲಿನ ಉರುಳು ಬಿಡಿಸಿದ ದಿನದ ಅದೇ ಮುಖ.

ಅವರು ಬಾಡಿನ ತುಂಡನ್ನು ಬೆಳಕಿಗೆ ಹಿಡಿದರು, ಮೂಸಿದರು, ಕೊಯ್ದರು. ಆಮೇಲೆ ಮಾಂಸ ತಂದಿದ್ದ ಅರಣ್ಯ ಇಲಾಖೆಯ ರೇಂಜರರಿಗೆ ಹೇಳಿದರು, "ಇದು ಯಾವುದರ ಮಾಂಸ ಅಂತ ನನಗೆ ಗೊತ್ತಿಲ್ಲ."

"ಸಾರ್, ಕಾಡಂಚಿನ ಮನೆ, ಬಚ್ಚಿಟ್ಟಿದ್ದಾರೆ, ಇನ್ನೇನಿರುತ್ತೆ? ಜಿಂಕೆ ಅಂತ ಬರೆದುಕೊಡಿ, ಮಿಕ್ಕಿದ್ದು ನಾವು ನೋಡ್ಕೋತೀವಿ."

"ಇದ್ರೂ ಇರಬಹುದು. ಆದರೆ ಗೊತ್ತಿಲ್ಲದ್ದನ್ನ ನಾನು ಬರೆಯಲ್ಲ ಕಣ್ರೀ. ಹಿಂದೆ ಒಂದ್ಸಲ ನೋಡಿದ ತಕ್ಷಣ ಬರೆದುಕೊಟ್ಟಿದ್ದೆ. ಕೋರ್ಟಲ್ಲಿ ಲಾಯರು, ನೀವು ಯಾವ ಪರೀಕ್ಷೆ ಮಾಡಿದ್ರಿ ಸ್ವಾಮಿ, ತಿಂದು ನೋಡಿದ್ರಾ ಅಂತ ಕೇಳಿದ. ಕೋರ್ಟೆಲ್ಲ ನಕ್ಕಿತು. ನಿಜವಾಗಿ ಜಿಂಕೆ ಹೊಡೆದವನು ನನ್ನೆದುರೇ ಮೀಸೆ ತಿರುವಿಕೊಂಡು ಆಚೆ ಹೋದ. ಜಿಂಕೆಗೆ ಬಾಯಿಲ್ಲ, ಇರೋದು ಇಷ್ಟು ಮಾಂಸ. ಅದು ಏನು ಹೇಳುತ್ತೆ ಅಂತ ಸರಿಯಾಗಿ ಕೇಳಿಸಿಕೊಳ್ಳೋಣ."

ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಮಾಂಸದ ಚೂರಿನಿಂದ ಡಿಎನ್ಎ ತೆಗೆದು ಪ್ರಾಣಿ ಯಾವುದೆಂದು ಹೇಳುತ್ತಾರೆ ಎಂದು ಅವರು ಎಲ್ಲೋ ಓದಿಕೊಂಡಿದ್ದರು. ಎಲ್ಲರೆದುರಿಗೆ ತುಂಡುಗಳನ್ನು ಆರಿಸಿ, ಒಂದು ಪಾಲು ಕಳಿಸಲು, ಇನ್ನೊಂದು ಪಾಲು ಇಟ್ಟುಕೊಳ್ಳಲು ಎಂದು ಮೊಹರು ಮಾಡಿಸಿದರು. ಉಳಿಸಿಕೊಂಡ ಪಾಲನ್ನು ಲಸಿಕೆಯ ಫ್ರಿಜ್ಜಿನಲ್ಲಿಟ್ಟರು. ಜನ್ಮದಲ್ಲಿ ಬಾಡು ಮುಟ್ಟದ ಮನುಷ್ಯ ನಮ್ಮ ಬಾಡನ್ನು ತಿಂಗಳುಗಟ್ಟಲೆ ಕಾದರು ಎಂದು ನಾವು ಇವತ್ತಿಗೂ ನಗುತ್ತೇವೆ. ಅವತ್ತು ಯಾರಿಗೂ ನಗು ಬರಲಿಲ್ಲ.

ಅಪ್ಪನಿಗೆ ಜಾಮೀನು ಸಿಕ್ಕಿತು. ಜಾಮೀನಿಗೆ ನಿಂತವನು ನಮ್ಮ ದೊಡ್ಡಪ್ಪ, ಅಪ್ಪನ ದೊಡ್ಡಪ್ಪನ ಮಗ. ಊರಲ್ಲಿ ನಾಲ್ಕು ಜನ ಮಾತು ಕೇಳುವಂಥವನು. ಉಳಿದವರು ಹಿಂದೆಗೆದಾಗ ಅವನೊಬ್ಬನೇ ಪಹಣಿ ಹಿಡಿದುಕೊಂಡು ಕೋರ್ಟಿಗೆ ಬಂದ. ಅಪ್ಪ ಮನೆಗೆ ಬಂದನೇ ಹೊರತು ಮೊದಲಿನ ಅಪ್ಪ ಬರಲಿಲ್ಲ. ಟೀ ಅಂಗಡಿ ಬಿಟ್ಟ. ಡೈರಿಗೆ ಹಾಲು ಹಾಕಲು ಅವ್ವನನ್ನು ಕಳಿಸಿದ. ಕೇಸು ಎಂಬ ಮಾತು ಅವನ ಬಾಯಿಂದ ಒಂದು ದಿನವೂ ಹೊರಡಲಿಲ್ಲ. ಅಜ್ಜಿಯದು ಇನ್ನೂ ದೊಡ್ಡ ಸಂಕಟ. ಹಿರಿಯರ ಎಡೆಯ ಬಾಡನ್ನೇ ಕಳ್ಳಬಾಡು ಅಂದರಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು.

ಡಾಕ್ಟರು ಹಸು ನೋಡುವ ನೆಪದಲ್ಲಿ ಬಂದು ಅವಳ ಪಕ್ಕ ಜಗಲಿಯಲ್ಲಿ ಕೂತು ಹೇಳಿದರು, "ಅಜ್ಜಿ, ಕುರಿ ಕಿವಿ ಕೊಯ್ದು ಗುರುತು ಮಾಡ್ತೀರಲ್ಲ, ಅದು ನೀವು ಮಾಡಿದ ಗುರುತು. ಅದರ ಮೈಯೊಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಜಾಗದಲ್ಲಿ, ತಾಯಿಯಿಂದ ಮರಿಗೆ ಬರೋ ಗುರುತು ಒಂದಿದೆ. ಕುರಿಯದು ಬೇರೆ, ಜಿಂಕೆಯದು ಬೇರೆ. ಒಣಗಿಸಿದ್ರೂ ಉಪ್ಪು ಸವರಿದ್ರೂ ಅದು ಅಷ್ಟು ಸುಲಭಕ್ಕೆ ಅಳಿಸಲ್ಲ."

"ತಾಯಿದ್ ಮಾತ್ರನಾ? ಅಪ್ಪಂದು ಬ್ಯಾಡ್ವಾ?"

"ಈ ಪರೀಕ್ಷೆಯಲ್ಲಿ ಅಪ್ಪನ್ನ ಯಾರೂ ಕೇಳಲ್ಲ ಅಜ್ಜಿ."

"ಅಂಗಾದ್ರೆ ಒಳ್ಳೇ ಪರೀಕ್ಷೆನೇ ಬುಡಿ" ಎಂದು ಅಜ್ಜಿ ಬಹಳ ದಿನದ ಮೇಲೆ ನಕ್ಕಳು.

ಆದರೆ ಬಂದ ಉತ್ತರ ನಗುವಂಥದ್ದಾಗಿರಲಿಲ್ಲ. ಮಾಂಸ ಹೆಚ್ಚು ಬೆಂದುಹೋಗಿದೆ, ಗುರುತು ಸಿಗುತ್ತಿಲ್ಲ. ಬ್ಯಾರನ್ನಿನ ಬಿಸಿ ಡಿಎನ್ಎಯನ್ನು ಚೂರುಚೂರು ಮಾಡಿತ್ತು. ರೇಂಜರು ಮತ್ತೆ ಬಂದು, ಈಗಲಾದರೂ ಬರೆದುಕೊಡಿ ಸಾರ್ ಎಂದರಂತೆ. ಡಾಕ್ಟರು ಅದೇ ಉತ್ತರ ಕೊಟ್ಟರು. ಮೇಲಿನವರಿಂದ ಅವರಿಗೆ ಬೈಗುಳವೂ ಬಿತ್ತು ಎಂದು ಆಮೇಲೆ ಗೊತ್ತಾಯಿತು. ಡಾಕ್ಟರು ನೇರ ನಮ್ಮ ಮನೆಗೆ ಬಂದು ಅಜ್ಜಿಯನ್ನು ಬ್ಯಾರನ್ನಿಗೆ ಕರೆದುಕೊಂಡು ಹೋದರು. ಯಾವ ಸರ ಎಲ್ಲಿತ್ತು, ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಕೊನೆಗೆ ಹಾಕಿದ್ದು ಎಂದು ಕೇಳಿದರು. ತೊಡೆಯ ದಪ್ಪ ತುಂಡುಗಳನ್ನು ಅಜ್ಜಿ ಕೊನೆಗೆ, ಬಾಗಿಲ ಪಕ್ಕದ ಗಾಳಿಕಿಂಡಿಯ ಹತ್ತಿರ ಕಟ್ಟಿದ್ದಳು. ಅವು ಒಳಗೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಮೊಹರು ಮಾಡಿದ ಎರಡನೆಯ ಪಾಲಿನಲ್ಲಿ ಅಂಥ ತುಂಡುಗಳೂ ಇದ್ದವು. ಈ ಸಲ ಅವು ಹೋದವು, ಜೊತೆಗೆ ಬ್ಯಾರನ್ ಎಂದರೇನು, ಬಿಸಿ ಎಲ್ಲಿ ಎಷ್ಟು ಎಂಬ ಅವರ ವಿವರಣೆಯೂ ಹೋಯಿತು. ಪ್ರಯೋಗಾಲಯದವರಿಗೆ ಹೊಗೆಸೊಪ್ಪಿನ ಜೊತೆ ಬೆಂದ ಬಾಡು ಅದೇ ಮೊದಲಿರಬೇಕು.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವರ ಸ್ಕೂಟರು ನಮ್ಮ ಅಂಗಳದಲ್ಲಿ ನಿಂತಿತು. ಅಪ್ಪ ಕೊಟ್ಟಿಗೆಯಲ್ಲಿದ್ದ. ಡಾಕ್ಟರು ಕೊಟ್ಟಿಗೆಯ ಬಾಗಿಲಲ್ಲೇ ನಿಂತು, "ಗೌಡ್ರೇ, ಕುರಿ" ಎಂದರು. ಅಷ್ಟೇ. ಅಪ್ಪ ಹಿಡಿದಿದ್ದ ಹುಲ್ಲಿನ ಕಂತೆಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದ. ಅಜ್ಜಿ ಮಾತ್ರ ಊರಿಗೆಲ್ಲ ಕೇಳುವ ಹಾಗೆ, "ನಾನ್ ಹೇಳ್ನಿಲ್ವಾ! ನಾನ್ ಹೇಳ್ನಿಲ್ವಾ!" ಎಂದು ಬೀದಿಗಿಳಿದಳು. ಕೇಸು ಬಿದ್ದುಹೋಯಿತು. ಅಪ್ಪ ಟೀ ಅಂಗಡಿಗೆ ಹೋಗತೊಡಗಿದ. ಜೊತೆಯಲ್ಲಿ ಉಣ್ಣದ ಡಾಕ್ಟರು ರಾತ್ರಿ ಬೆಳಗಾಗುವುದರೊಳಗೆ ಊರಿಗೆಲ್ಲ ನಮ್ಮವರಾದರು. ನಮ್ಮವರು ಅಂದರೆ ನಾವು ಹೇಳಿದ ಹಾಗೆ ಕೇಳುವವರು ಎಂದು ಊರು ತಿಳಿದುಕೊಂಡಿತ್ತು, ಅದು ಬೇರೆ ಮಾತು.

ಕೆಲವು ವರ್ಷದ ಮೇಲೆ ದೊಡ್ಡಪ್ಪನ ತೋಟದ ಮನೆಯಲ್ಲಿ ನೆಂಟರಿಗೆ ಬೇಯುತ್ತಿದ್ದ ಬಾಡಿನ ಪಾತ್ರೆ ಅರಣ್ಯ ಇಲಾಖೆಯವರ ಕೈಗೆ ಸಿಕ್ಕಿತು. ಕುರಿ ಎಂದು ಅವನು, ಅಲ್ಲ ಎಂದು ಅವರು. ಬೇಯಿಸದೆ ಮಿಕ್ಕಿದ್ದ ಹಸಿ ಬಾಡು ಡಾಕ್ಟರ ಮೇಜಿಗೆ ಬಂತು. ದೊಡ್ಡಪ್ಪ ನಮ್ಮ ಮನೆಗೆ ಬಂದು ಅಪ್ಪನ ಎದುರು ಕೂತ.

"ನಿನ್ ಜಾಮೀನಿಗೆ ನಾನ್ ಬಂದಿದ್ದೆ, ಮರ್ತಿಲ್ಲ ತಾನೇ? ಆ ಡಾಕ್ಟ್ರು ನಿಮ್ ಮನೆ ಮನ್ಸ. ಕುರಿ ಅಂತ ಒಂದ್ ಸಾಲು ಬರೀಲಿ. ಓಗಿ ಯೋಳ್ಲಾ."

ಅಪ್ಪ ಇಲ್ಲ ಅನ್ನಲಾರದೆ ಹೊರಟ. ಮಾತಾಡಲು ಒಬ್ಬರಿರಲಿ ಎಂದು ನನ್ನನ್ನೂ ಕರೆದುಕೊಂಡ. ಕೊನೆಗೆ ಮಾತಾಡಿದ್ದು ಅವನೇ. ಅಪ್ಪ ತಲೆ ತಗ್ಗಿಸಿ, "ಅವ್ರ ಋಣ ಅದೆ ಸ್ವಾಮಿ, ಏನ್ ಮಾಡಾನ" ಎಂದ.

ಡಾಕ್ಟರು ಕೈ ತೊಳೆದು ಬಂದು ಕೂತರು. "ಕುರಿನೇ ಆಗಿದ್ರೆ ಅವರಿಗೆ ಭಯ ಯಾಕೆ ಗೌಡ್ರೇ? ಹೈದರಾಬಾದಿಗೆ ಕಳಿಸ್ತೀನಿ, ಅದೇ ಹೇಳುತ್ತೆ. ಇವತ್ತು ನಾನು ತಿಳಿಯದೆ ಕುರಿ ಅಂತ ಬರೆದೆ ಅನ್ನಿ. ಓಹೋ, ಅವತ್ತು ಇವರದ್ದೂ ಹೀಗೇ ಬರೆಸಿದ್ದು ಅಂತಾರೆ ಜನ. ನಿಮ್ಮ ಹೆಸರು ಮತ್ತೆ ಹಾಳಾಗೋದು ನಿಮಗೆ ಬೇಕಾ?"

ಡಾಕ್ಟರೇ ಮತ್ತೆ ಹೇಳಿದರು, "ಇನ್ನೊಂದು ಮಾತು ನಿಮಗೆ ಹೇಳಿರಲಿಲ್ಲ. ಅವತ್ತು ನನಗೂ ನಿಮ್ಮ ಮೇಲೆ ಪೂರ್ತಿ ಅನುಮಾನ ಇತ್ತು. ನೀವೇ ಹೊಡೆದಿದ್ದೀರಿ ಅಂತಲೇ ಅಂದುಕೊಂಡಿದ್ದೆ."

ಅಪ್ಪ ತಲೆ ಎತ್ತಿ ಅವರನ್ನು ನೋಡಿದ. ನಾನೂ ನೋಡಿದೆ. ನಾನೂ ಅಜ್ಜಿಯೂ ಇಷ್ಟು ವರ್ಷ, ಡಾಕ್ಟರು ನಮ್ಮನ್ನು ನಂಬಿ ಕಾಪಾಡಿದರು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆವು. ನಾವು ಮನೆಗೆ ಬಸ್ಸು ಹತ್ತಿದೆವು. ನನಗೆ ಮೊದಲು ಬೇಸರವಾಯಿತು, ನಿಜ ಹೇಳುತ್ತೇನೆ. ಆಮೇಲೆ ಇಳಿಯುವಷ್ಟರಲ್ಲಿ ಎಂಥದೋ ಹೆಮ್ಮೆ ಎದೆ ತುಂಬಿಕೊಂಡಿತ್ತು. ತಮ್ಮ ಸಿಟ್ಟು ಒಂದು ಕಡೆ ಎಳೆಯುತ್ತಿದ್ದಾಗಲೂ ಕೈ ತಡೆದ ಇಂಥ ಒಬ್ಬ ಮನುಷ್ಯ ನಮ್ಮ ಕಡೆ ಇದ್ದಾರಲ್ಲ ಎಂದು.

ದೊಡ್ಡಪ್ಪನದು ಚುಕ್ಕೆ ಜಿಂಕೆ ಎಂದು ಬಂತು. ಕೋರ್ಟಿನಲ್ಲಿ ಲಾಯರು ಎಷ್ಟು ಜಗ್ಗಿದರೂ ಆ ಕೇಸು ಅಲುಗಲಿಲ್ಲ. ದೊಡ್ಡಪ್ಪ ಜೈಲು ಕಂಡು ಬಂದ. ನಮ್ಮ ಮನೆಯ ನೀರೂ ಬೇಡವೆಂದ. ಸಾಯುವ ತನಕ ಮಾತು ಬಿಟ್ಟ. ಊರಿನ ಅರ್ಧ ಜನ ಡಾಕ್ಟರನ್ನು ಮತ್ತೆ ಹೊರಗಿನವರನ್ನಾಗಿ ಮಾಡಿದರು. ಅವರು ಮಾತ್ರ ಅದೇ ಒಂದು ತೋಳು ಮಡಿಚಿಕೊಂಡು, ಬೈದವರ ಮನೆಯ ಹಸುವಿಗೂ ಹೆರಿಗೆ ಮಾಡಿಸಿಕೊಂಡು ಓಡಾಡಿದರು. ನಮ್ಮ ಸುತ್ತಿನ ಬೇಲಿಗಳಲ್ಲಿ ಉರುಳು ಕಾಣುವುದು ಕಡಿಮೆಯಾಯಿತು. ಬಾಡು ಬೆಂದರೂ ಬಾಯಿ ಬಿಡುತ್ತದೆ ಎಂಬ ಭಯ ಜನಕ್ಕೆ ಹೊಕ್ಕಿತ್ತು. ಈಗ ಹೈಸ್ಕೂಲಿನಲ್ಲಿ ಮಕ್ಕಳಿಗೆ ಅನುವಂಶೀಯತೆಯ ಪಾಠ ಮಾಡುವಾಗ ನಾನು ಬಟಾಣಿ ಗಿಡಕ್ಕಿಂತ ಮೊದಲು ಅಜ್ಜಿಯ ಉಪ್ಕಂಡದ ಕಥೆ ಹೇಳುತ್ತೇನೆ. ನೀರಿನಲ್ಲಿ ಉದುರಿದ ಡಿಎನ್ಎಯಿಂದಲೇ ಆ ಕೆರೆಗೆ ಯಾವ ಪ್ರಾಣಿ ಬಂದುಹೋಯಿತು ಎಂದು ಹೇಳುವ ಕಾಲ ಇದು. ಹೇಳಿದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಡಾಕ್ಟರಿದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರು.

ನಿವೃತ್ತಿಗೆ ಇನ್ನೂ ಕಾಲವಿರುವಾಗಲೇ, ಹೊಸ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ, ಅವರು ಮೈಸೂರಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಎದೆನೋವು. ಸುದ್ದಿ ಬಂದ ಕೂಡಲೇ ಅಪ್ಪ ಬಿಳಿ ಪಂಚೆ ಉಟ್ಟು ಹೊರಟ, ನಾನೂ ಹೋದೆ. ಅವರ ಮನೆಯ ಮುಂದೆ ಖಾಕಿ ತೊಟ್ಟವರು, ಬೇರೆ ಬೇರೆ ಊರಿನ ದನದ ಡಾಕ್ಟರುಗಳು, ಕಾರಿನಲ್ಲಿ ಬಂದವರು ಸಾಲಾಗಿ ನಿಂತಿದ್ದರು. ಅಪ್ಪ ಅಂಥವರ ಮಧ್ಯೆ ನಿಲ್ಲುವ ಮನುಷ್ಯನೇ ಅಲ್ಲ. ಆದರೆ ಅವತ್ತು ಸೀದಾ ಹೋಗಿ ಹೆಣದ ಕಾಲಿನ ಹತ್ತಿರ ನಿಂತ. ಅರಣ್ಯ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಮೆಲ್ಲಗೆ ಕೇಳಿದರು, "ನೀವು ಇವರಿಗೆ ಏನಾಗಬೇಕು?"

ಊರಲ್ಲಿ, ಮನೆಯಲ್ಲಿ, ಅವ್ವನ ಹತ್ತಿರವೂ ಕೇಸಿನ ಬಗ್ಗೆ ಯಾವತ್ತೂ ಬಾಯಿ ಬಿಡದ ಅಪ್ಪ, ಅಷ್ಟು ಜನ ಖಾಕಿಯವರ ನಡುವೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಜಿಂಕೆ ಹೊಡ್ದ ಅಂತ ನನ್ ಮ್ಯಾಲೆ ಕೇಸಾಗಿತ್ತು ಸ್ವಾಮಿ. ನಮ್ಮೋರು ಕೆಲವರು ನನ್ನ ನಂಬುದ್ರು, ಕೆಲವರು ನಂಬ್ನಿಲ್ಲ. ಇವ್ರೂ ನಂಬ್ನಿಲ್ಲ. ನಂಬ್ದೇ ಇದ್ರೂ, ತಿಳ್ಕಂಡು ಹೇಳಾನ ತಡೀರಿ ಅಂದೋರು ಇವ್ರೊಬ್ರೇ."

ಅಧಿಕಾರಿ ಟೋಪಿ ತೆಗೆದು ಪಕ್ಕಕ್ಕೆ ಸರಿದು ಅಪ್ಪನಿಗೆ ಜಾಗ ಬಿಟ್ಟರು. ಅಪ್ಪ ಬಗ್ಗಿ ಡಾಕ್ಟರ ಪಾದ ಮುಟ್ಟಿದ.